ಮೇನ್ ಇಳಿಸಿದರೂ ಪ್ಯಾನೆಲ್ ಶಾಕ್ ಹೊಡೆಯುತ್ತಿದ್ದರೆ
ಕಲಬುರಗಿಯ ನಿಮ್ಮ ದಾಲ್‌ಮಿಲ್‌ನಲ್ಲಿ ಮೇನ್ ಇಳಿಸಿದ ಮೇಲೂ ಮೋಟಾರ್ ಪ್ಯಾನೆಲ್ ಶಾಕ್ ಹೊಡೆಯಲು ಕಾರಣ ಬಹುಶಃ ಕೆಪಾಸಿಟರ್‌ನಲ್ಲಿ (ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳುವ ಭಾಗ) ಉಳಿದ ಚಾರ್ಜ್. ನಮ್ಮಲ್ಲೂ ಅದೇ ಆಗಿತ್ತು. ಆದರೆ ಪ್ಯಾನೆಲ್ ನೋಡದೆ ಖಚಿತವಾಗಿ ಹೇಳಲಾರೆ. ಜನರೇಟರ್‌ನಿಂದ ಹಿಮ್ಮುಖವಾಗಿ ಕರೆಂಟ್ ಬರುತ್ತಿರಲೂಬಹುದು.

ಮೇನ್, ಜನರೇಟರ್ ಎರಡನ್ನೂ ಇಳಿಸಿ ಬೀಗ ಹಾಕಿ. ಕೀಲಿ ನಿಮ್ಮ ಜೇಬಿನಲ್ಲೇ ಇರಲಿ. ‘ಯಾರೂ ಹಾಕುವುದಿಲ್ಲ ಬಿಡಿ’ ಎಂಬ ಮಾತನ್ನು ನಂಬಬೇಡಿ. ಕನಿಷ್ಠ 5 ನಿಮಿಷ ಕಾಯಿರಿ. ಮಲ್ಟಿಮೀಟರನ್ನು ಕರೆಂಟ್ ಇರುವ ಬೇರೆ ಪಾಯಿಂಟ್‌ನಲ್ಲಿ ಮೊದಲು ಪರೀಕ್ಷಿಸಿ. ನಂತರ ರಬ್ಬರ್ ಕೈಗವಸು ಹಾಕಿಕೊಂಡು ಫೇಸ್, ನ್ಯೂಟ್ರಲ್, ಅರ್ಥ್‌ಗಳ ನಡುವೆ ಅಳೆಯಿರಿ. ಕೆಪಾಸಿಟರ್ ತುದಿಗಳಲ್ಲಿ ಡಿ.ಸಿ. ವೋಲ್ಟೇಜನ್ನೂ ನೋಡಿ. ಟೆಸ್ಟರ್ ದೀಪ ಇದಕ್ಕೆ ಸಾಲದು.

ಚಾರ್ಜ್ ಉಳಿದಿದ್ದರೆ ಸ್ಕ್ರೂಡ್ರೈವರ್‌ನಿಂದ ಶಾರ್ಟ್ ಮಾಡಬೇಡಿ. ಉಳಿದ ಚಾರ್ಜನ್ನು ತಾನಾಗಿ ಇಳಿಸುವ ಡಿಸ್ಚಾರ್ಜ್ ರೆಸಿಸ್ಟರ್ ಸುಟ್ಟಿರಬಹುದು, ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಬದಲಿಸಲಿ. ಮೀಟರ್‌ನಲ್ಲಿ ಎ.ಸಿ. ವೋಲ್ಟೇಜ್ ಕಂಡರೆ ಬೇರೆಲ್ಲಿಂದಲೋ ಕರೆಂಟ್ ಬರುತ್ತಿದೆ. ಆ ಮೂಲ ಸಿಗುವವರೆಗೆ ಪ್ಯಾನೆಲ್ ಮುಟ್ಟಬೇಡಿ.