ಲಂಡನ್ನಿನ ವಿದ್ಯುತ್ ಕಂಪನಿಗೆ ಬರುವವರಿಗೆ

ಬೆಂಗಳೂರಿನ ಸೋಲಾರ್ ಕಂಪನಿಯಲ್ಲಿ ಟೆಂಡರ್ ಕೆಲಸ ನೋಡಿಕೊಳ್ಳುತ್ತಿದ್ದೀರಿ. ಈಗ ಲಂಡನ್ನಿನ ಒಂದು ಎನರ್ಜಿ ಕಂಪನಿಯಲ್ಲಿ ಕಮರ್ಷಿಯಲ್ ಸ್ಟ್ರಾಟಜಿ ಮತ್ತು ಬಿಸಿನೆಸ್ ಡೆವಲಪ್‌ಮೆಂಟ್ ಮ್ಯಾನೇಜರ್ ಹುದ್ದೆ ಸಿಕ್ಕಿದೆ. ಇಲ್ಲಿನ ಜೀವನ ಹೇಗೆ, ನನ್ನಿಂದ ಆಗುತ್ತಾ ಅಂತ ಕೇಳಿದ್ದೀರಿ. ಚಳಿ, ಬಾಡಿಗೆ, ಮಕ್ಕಳ ಸ್ಕೂಲಿನ ಬಗ್ಗೆ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ನಾನೂ ಇಲ್ಲಿ ಇದೇ ಕೆಲಸ ಮಾಡುವವನು, ಹಾಗಾಗಿ ಕೆಲಸದ ಬಗ್ಗೆಯೇ ಹೇಳುತ್ತೇನೆ. ಹೊಸದರಲ್ಲಿ ನಿದ್ದೆ ಕೆಡಿಸುವುದೂ ಅದೇ.

ಬೆಂಗಳೂರಿನಲ್ಲಿ ನಿಮಗೆ ರೂಢಿಯಾಗಿರುವುದು ಸೆಕಿ, ಅಂದರೆ ಕೇಂದ್ರ ಸರ್ಕಾರದ ಸೌರಶಕ್ತಿ ನಿಗಮದ ಟೆಂಡರು. ರಿವರ್ಸ್ ಹರಾಜಿನಲ್ಲಿ ಕಡಿಮೆ ದರ ಕೂಗಿದವರಿಗೆ 25 ವರ್ಷದ ಒಪ್ಪಂದ. ದರ ಒಮ್ಮೆ ನಿಂತರೆ ನಿಂತ ಹಾಗೆ. ಆಮೇಲಿನ ಚಿಂತೆ ಜಾಸ್ತಿ ಜಮೀನಿನದ್ದು, ವಿದ್ಯುತ್ ಸರಬರಾಜು ಕಂಪನಿ ಬಿಲ್ ಯಾವಾಗ ಕಟ್ಟುತ್ತದೆ ಅನ್ನುವುದು. ಇಲ್ಲಿ ಆಟವೇ ಬೇರೆ. ದಿನವನ್ನು ಅರ್ಧರ್ಧ ಗಂಟೆಯ 48 ತುಂಡು ಮಾಡಿ, ಪ್ರತಿ ತುಂಡಿನಲ್ಲೂ ಯಾರು ಎಷ್ಟು ಕರೆಂಟ್ ಕೊಟ್ಟರು, ಯಾರು ಎಷ್ಟು ಬಳಸಿದರು ಅಂತ ಲೆಕ್ಕ ಹಾಕುತ್ತಾರೆ. ಮೊದಲೇ ಹೇಳಿದ್ದಕ್ಕಿಂತ ಹೆಚ್ಚು ಕಡಿಮೆ ಆದರೆ ಅದರ ಹೊರೆ ನಿಮ್ಮದು. ಗಾಳಿ ಜೋರಾಗಿ ಬೀಸಿದ ದಿನ ಬೆಲೆ ಸೊನ್ನೆಗಿಂತ ಕೆಳಗೆ ಹೋಗುವುದೂ ಉಂಟು. (ಇಲ್ಲಿ ವರ್ಷಕ್ಕೆರಡು ಸಲ ಗಡಿಯಾರವನ್ನು ಒಂದು ಗಂಟೆ ಹಿಂದೆ ಮುಂದೆ ಮಾಡುತ್ತಾರೆ. ಆ ಎರಡು ಭಾನುವಾರ ಈ ತುಂಡುಗಳು ವಸಂತದಲ್ಲಿ 46, ಶರತ್ಕಾಲದಲ್ಲಿ 50 ಆಗುತ್ತವೆ. ಹೊಸಬರ ಎಕ್ಸೆಲ್ ಶೀಟುಗಳು ಕೆಡುವ ದಿನಗಳು ಅವು.)

ಹಾಗಾಗಿ ಯಾವ ಡೀಲ್ ಮುಂದೆ ಬಂದರೂ ಇಲ್ಲಿ ಮೊದಲು ನೋಡುವುದು ಅಪಾಯ ಯಾರ ತಲೆಗೆ ಅಂತ. ಬೆಲೆ ಬಿದ್ದರೆ ಯಾರಿಗೆ ನಷ್ಟ? ಗಾಳಿ ಬೀಸದಿದ್ದರೆ? ಕಾನೂನು ಬದಲಾದರೆ? ಒಂದು ದೊಡ್ಡ ಕಾರ್ಖಾನೆಗೆ ಹದಿನೈದು ವರ್ಷ ಕರೆಂಟ್ ಮಾರುವ ಮಾತುಕತೆಯಲ್ಲಿ ದರದ ಮೇಲಿನ ಚೌಕಾಸಿ ಬೇಗ ಮುಗಿಯಬಹುದು. ಈ ಪ್ರಶ್ನೆಗಳೇ ತಿಂಗಳುಗಟ್ಟಲೆ ಹಿಡಿಯುತ್ತವೆ.

ಇನ್ನೊಂದು, ಬೇಡ ಅನ್ನುವುದೂ ಇಲ್ಲಿ ಕೆಲಸವೇ. 2023ರ ಹರಾಜನ್ನೇ ತಗೊಳ್ಳಿ. ಇಲ್ಲಿ ಸರ್ಕಾರ ಸಿಎಫ್‌ಡಿ ಅನ್ನುವ ಒಪ್ಪಂದವನ್ನು ಹರಾಜು ಹಾಕುತ್ತದೆ. ಹರಾಜಿನಲ್ಲಿ ಒಂದು ದರ ನಿಗದಿಯಾಗುತ್ತದೆ. ಮಾರುಕಟ್ಟೆ ಬೆಲೆ ಅದಕ್ಕಿಂತ ಕಡಿಮೆಯಾದರೆ ವ್ಯತ್ಯಾಸ ನಿಮಗೆ ಸಿಗುತ್ತದೆ, ಹೆಚ್ಚಾದರೆ ನೀವು ವಾಪಸ್ ಕೊಡಬೇಕು. ಹೊಸ ಒಪ್ಪಂದಗಳಲ್ಲಿ ಬೆಲೆ ಸೊನ್ನೆಗಿಂತ ಕೆಳಗಿಳಿದ ಹೊತ್ತಿಗೆ ಆ ವ್ಯತ್ಯಾಸವೂ ಇಲ್ಲ. ಆ ವರ್ಷ ಸಮುದ್ರದ ಗಾಳಿಯಂತ್ರಗಳಿಗೆ ಸರ್ಕಾರ ಇಟ್ಟ ಗರಿಷ್ಠ ದರ, 2012ರ ಬೆಲೆಯ ಲೆಕ್ಕದಲ್ಲಿ, ಮೆಗಾವ್ಯಾಟ್ ಗಂಟೆಗೆ, ಅಂದರೆ ಸಾವಿರ ಯೂನಿಟ್‌ಗೆ, 44 ಪೌಂಡ್. ಉಕ್ಕು, ಬಡ್ಡಿ ಎಲ್ಲಾ ಏರಿತ್ತು. ಸಮುದ್ರದ ಗಾಳಿಯ ಒಂದೇ ಒಂದು ಯೋಜನೆಯೂ ಬಿಡ್ ಹಾಕಲಿಲ್ಲ. ಮುಂದಿನ ವರ್ಷ ಗರಿಷ್ಠ ದರವನ್ನು 73ಕ್ಕೆ ಏರಿಸಿದ ಮೇಲೆ ಕಂಪನಿಗಳು ಬಂದವು.

ಯೋಚಿಸಿ ನೋಡಿ, ವರ್ಷಗಟ್ಟಲೆ ಒಂದು ಯೋಜನೆ ಬೆಳೆಸಿದ ತಂಡ ತಾನೇ ಎದ್ದು ನಿಂತು "ಈ ದರಕ್ಕೆ ಬೇಡ" ಅನ್ನಬೇಕು. ಸುಲಭ ಅಲ್ಲ. ಅದೇ 2023ರಲ್ಲಿ ಸ್ವೀಡನ್ನಿನ ವಾಟೆನ್‌ಫಾಲ್ ಕಂಪನಿ ವೆಚ್ಚ ಏರಿತೆಂದು ಇಂಗ್ಲೆಂಡಿನ ಪೂರ್ವ ಕರಾವಳಿಯಾಚೆ ಸಮುದ್ರದ ಗಾಳಿಯ ನಾರ್ಫೋಕ್ ಬೋರಿಯಸ್ ಯೋಜನೆ ನಿಲ್ಲಿಸಿತು. ವರ್ಷ ಮುಗಿಯುವ ಹೊತ್ತಿಗೆ ಜರ್ಮನಿಯ ಆರ್‌ಡಬ್ಲ್ಯೂಇ ಕಂಪನಿ ಅದನ್ನೂ ವಾಟೆನ್‌ಫಾಲ್‌ನ ಉಳಿದ ನಾರ್ಫೋಕ್ ಯೋಜನೆಗಳನ್ನೂ ಕೊಳ್ಳುತ್ತೇನೆ ಅಂತ ಘೋಷಿಸಿತು. ಒಬ್ಬರು ಬಿಟ್ಟದ್ದು ಇನ್ನೊಬ್ಬರಿಗೆ ಅವಕಾಶ. ಎರಡೂ ಕಡೆ ಕೂತು ಲೆಕ್ಕ ಹಾಕಿದವರು ನಮ್ಮಂಥವರೇ. ಯಾರೂ ದಡ್ಡರಲ್ಲ.

ಈಗ ಕಮಿಟಿ ವಿಷಯ. ಡೀಲ್‌ಗೆ ದುಡ್ಡು ಬೇಕಾದರೆ ಇನ್ವೆಸ್ಟ್‌ಮೆಂಟ್ ಕಮಿಟಿಗೆ ಮೊದಲೇ ಬರೆದು ಕೊಡಬೇಕು. ಟ್ರೇಡಿಂಗ್, ಲೀಗಲ್, ರಿಸ್ಕ್, ಫೈನಾನ್ಸ್, ಎಲ್ಲರೂ ಓದಿಕೊಂಡೇ ಬಂದಿರುತ್ತಾರೆ. ಸ್ಲೈಡು ಚೆನ್ನಾಗಿದ್ದರೆ ಸಾಲದು, ಊಹೆಗಳಿಗೆ ಆಧಾರ ಬೇಕು. ಯಾರೂ ದನಿ ಏರಿಸುವುದಿಲ್ಲ. ಹಾಗಂತ ಒಪ್ಪಿದರು ಅಂದುಕೊಳ್ಳಬೇಡಿ. ನಮ್ಮವರಿಗೆ ಕಷ್ಟವಾಗುವುದು ಇನ್ನೊಂದಿದೆ. ಡೈರೆಕ್ಟರ್ ಒಂದು ಅಂಕಿ ಹೇಳಿದಾಗ ತಪ್ಪು ಅಂತ ಗೊತ್ತಿದ್ದೂ ಸುಮ್ಮನಿರುತ್ತೇವೆ, ಮೀಟಿಂಗ್ ಮುಗಿದ ಮೇಲೆ ಮೆಲ್ಲಗೆ ಹೇಳೋಣ ಅಂತ. ಅಷ್ಟರಲ್ಲಿ ತೀರ್ಮಾನ ಬರೆದಾಗಿರುತ್ತದೆ. ಅಲ್ಲೇ, ಎಲ್ಲರೆದುರು, ಮೆತ್ತಗೆ ಹೇಳಿಬಿಡಿ. ಕಿರಿಯರು ಹೇಳಿದರೂ ಇಲ್ಲಿ ಅದನ್ನು ಅವಮಾನ ಅಂತ ತಿಳಿಯುವುದು ಕಡಿಮೆ.

ಕೈ ಸುಟ್ಟುಕೊಳ್ಳುವ ಜಾಗ ಎರಡಿವೆ. ಒಂದು 2010ರ ಲಂಚ ತಡೆ ಕಾಯ್ದೆ. ಕಂಪನಿಯ ಪರವಾಗಿ ಯಾರಾದರೂ ಲಂಚ ಕೊಟ್ಟು, ಅದನ್ನು ತಡೆಯುವ ವ್ಯವಸ್ಥೆ ಇರಲಿಲ್ಲ ಅಂದರೆ ಕಂಪನಿಯೇ ಅಪರಾಧಿ ಆಗಬಹುದು. ಅದಕ್ಕೇ ಗ್ರಾಹಕರ ಜೊತೆಗಿನ ಊಟ, ಉಡುಗೊರೆ ಎಲ್ಲವನ್ನೂ ರಿಜಿಸ್ಟರ್‌ನಲ್ಲಿ ಬರೆಸುತ್ತಾರೆ. ಇನ್ನೊಂದು ರೆಮಿಟ್, ವಿದ್ಯುತ್ ಮತ್ತು ಅನಿಲ ಮಾರುಕಟ್ಟೆಯಲ್ಲಿ ಒಳಸುದ್ದಿಯ ವ್ಯಾಪಾರ ತಡೆಯುವ ನಿಯಮ. ನಿಮ್ಮ ಸ್ಥಾವರ ನಾಳೆ ನಿಲ್ಲುತ್ತದೆ ಅನ್ನುವ ಸುದ್ದಿ ಇನ್ನೂ ಪ್ರಕಟವಾಗದಿದ್ದರೆ ಅದನ್ನು ಇಟ್ಟುಕೊಂಡು ವ್ಯಾಪಾರ ಮಾಡುವಂತಿಲ್ಲ, ಹೊರಗೆ ಬಾಯಿಬಿಡುವಂತಿಲ್ಲ. ವಾರಾಂತ್ಯದಲ್ಲಿ ಕನ್ನಡದವರು ಸೇರಿದಾಗ ಇನ್ನೊಂದು ಎನರ್ಜಿ ಕಂಪನಿಯ ಗೆಳೆಯ ಪಕ್ಕದಲ್ಲೇ ಕೂತಿರುತ್ತಾನೆ, ಅಲ್ವಾ? ಅಲ್ಲಿ ಕ್ರಿಕೆಟ್ ಮಾತಾಡಿ.

ಯೋಜನೆ ಮಾರಲು ಬಂದವರಿಗೆ ಮೊದಲು ಕೇಳಬೇಕಾದ್ದು ಗ್ರಿಡ್ ಸಂಪರ್ಕ ಯಾವಾಗ ಅಂತ. ಸಾಲು ತುಂಬಾ ಉದ್ದ. 2024ರ ಅಕ್ಟೋಬರ್‌ನಲ್ಲಿ ಸರ್ಕಾರದ ಒಡೆತನಕ್ಕೆ ಬಂದ, ಗ್ರಿಡ್ ನಡೆಸುವ ನೆಸೊ ಸಂಸ್ಥೆ ಈಗ ಮೊದಲು ಬಂದವರಿಗಿಂತ ಮೊದಲು ತಯಾರಾದವರಿಗೆ ಆದ್ಯತೆ ಕೊಡುವ ಕಡೆ ಹೊರಳಿದೆ. ಜಮೀನು, ಪ್ಲಾನಿಂಗ್ ಅನುಮತಿ ನೋಡದೆ ಬೆಲೆ ಮಾತಾಡಬೇಡಿ.

ಇನ್ನು ವೀಸಾ. ಸ್ಕಿಲ್ಡ್ ವರ್ಕರ್ ವೀಸಾ ಆದರೆ ಅದು ಕಂಪನಿಗೆ ಕಟ್ಟಿಹಾಕಿದ್ದು. ಕೆಲಸ ಹೋದರೆ ಸಾಮಾನ್ಯವಾಗಿ 60 ದಿನದೊಳಗೆ ಹೊಸ ಸ್ಪಾನ್ಸರ್, ಅಂದರೆ ವೀಸಾಕ್ಕೆ ಹೊಣೆ ನಿಲ್ಲುವ ಇನ್ನೊಂದು ಕಂಪನಿ ಹುಡುಕಬೇಕು. ಈ ಉದ್ಯಮದಲ್ಲಿ ಒಂದು ಇಡೀ ವಿಭಾಗವನ್ನೇ ಮಾರಿಬಿಡುವುದು ಅಪರೂಪವೇನಲ್ಲ. ಹಾಗಾಗಿ ನೀವು ಸೇರುವ ತಂಡ ಯಾವ ಕಡೆಯದ್ದು, ಗಾಳಿ ಬಿಸಿಲಿನದ್ದಾ, ತೈಲ ಅನಿಲದ್ದಾ ಅಂತ ಬಿಡಿಸಿ ಕೇಳಿ. ಉತ್ತರ ಸಮುದ್ರದ ತೈಲ ಮತ್ತು ಅನಿಲದ ಲಾಭದ ಮೇಲೆ 2024ರ ನವೆಂಬರ್‌ನಿಂದ ಒಟ್ಟು ತೆರಿಗೆ ಶೇಕಡಾ 78. ಆ ಕಡೆಯ ಹೊಸ ಹುದ್ದೆ ಅಂದರೆ ನಾನಂತೂ ಎರಡು ಸಲ ಯೋಚಿಸುತ್ತೇನೆ.

ಸಹಿ ಹಾಕುವ ಮೊದಲು ಎರಡು ವಿಷಯ ನೋಡಿ. ಬೋನಸ್ಸಿಗೆ ಸಹಿಯಾದ ಡೀಲ್‌ಗಳನ್ನು ಮಾತ್ರ ಎಣಿಸುತ್ತಾರಾ? ಹಾಗಿದ್ದರೆ ಬೇಡ ಅಂದದ್ದಕ್ಕೆ ನಿಮಗೆ ಬೆಲೆ ಸಿಗುವುದಿಲ್ಲ. ಕೆಲಸ ಬಿಟ್ಟ ಮೇಲೆ ಎಷ್ಟು ತಿಂಗಳು ಪೈಪೋಟಿಯ ಕಂಪನಿ ಸೇರುವಂತಿಲ್ಲ ಅನ್ನುವ ಷರತ್ತನ್ನೂ ಆ 60 ದಿನದ ಪಕ್ಕದಲ್ಲಿಟ್ಟು ಓದಿ. ಈ ಎರಡಕ್ಕೆ ಅವರು ಏನಂದರು ಬರೆಯಿರಿ, ಸಂಬಳದ ಮಾತು ಆಮೇಲೆ ನೋಡೋಣ.