ಬೆಂಜಮಿನ್ ಮೇಸ್ ಅಂದರೆ ಕಿಂಗ್ ಅವರ ಗುರು ಅಷ್ಟೇನಾ?

ಅಮೆರಿಕದ ಕಪ್ಪು ಜನಾಂಗದ ಬ್ಯಾಪ್ಟಿಸ್ಟ್ (ಪ್ರೊಟೆಸ್ಟೆಂಟ್ ಕ್ರೈಸ್ತ ಪಂಥ) ಪಾದ್ರಿಯಾಗಿದ್ದ ಬೆಂಜಮಿನ್ ಮೇಸ್, ಮಾರ್ಟಿನ್ ಲೂಥರ್ ಕಿಂಗ್‌ಗೆ ಪಾಠ ಹೇಳಿದ್ದು ಬಿಟ್ಟರೆ ಬೇರೇನು ಮಾಡಿದ್ದಾರೆ, ರಾಜಕೀಯಕ್ಕೆ ಯಾಕೆ ಬಂದರು ಎಂದು ಕೇಳಿದ್ದೀರಿ. ನನ್ನ ಪ್ರಕಾರ ಅವರ ದೊಡ್ಡ ಕೆಲಸ ಅಟ್ಲಾಂಟಾದಲ್ಲಿರುವ ಕಪ್ಪು ಹುಡುಗರ ಮೋರ್‌ಹೌಸ್ ಕಾಲೇಜನ್ನು ಉಳಿಸಿದ್ದು.

ಸೌತ್ ಕೆರೊಲಿನಾದ ಗೇಣಿ ರೈತರ ಮಗ. ತಂದೆ ತಾಯಿ ಇಬ್ಬರೂ ಗುಲಾಮಗಿರಿಯಲ್ಲೇ ಹುಟ್ಟಿದವರು. 1920ರಲ್ಲಿ ಬೇಟ್ಸ್ ಕಾಲೇಜಿನ ಪದವಿ, ಆಮೇಲೆ ಅಟ್ಲಾಂಟಾದ ಶೈಲೋ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಪಾದ್ರಿ, 1935ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ಪಿಎಚ್.ಡಿ.

ನಮ್ಮವರಿಗೆ ಹೆಚ್ಚು ಗೊತ್ತಿಲ್ಲದ ಸಂಗತಿಯೊಂದಿದೆ. 1937ರ ಜನವರಿಯಲ್ಲಿ ಕ್ರೈಸ್ತ ಯುವಕರ ಸಂಘಟನೆಯಾದ ವೈಎಂಸಿಎಯ ವಿಶ್ವ ಸಮ್ಮೇಳನಕ್ಕೆಂದು ಮೇಸ್ ಮೈಸೂರಿಗೆ ಬಂದಿದ್ದರು. ಅದಕ್ಕೂ ಸ್ವಲ್ಪ ಮೊದಲು ವಾರ್ಧಾದಲ್ಲಿ ಗಾಂಧೀಜಿಯನ್ನು ಕಂಡು ಅಹಿಂಸೆಯ ಬಗ್ಗೆ ವಿವರವಾಗಿ ಪ್ರಶ್ನಿಸಿದ್ದರು. ಮೈಸೂರಿನ ಹತ್ತಿರದ ದಲಿತ ಮಕ್ಕಳ ಶಾಲೆಯೊಂದರಲ್ಲಿ ಮುಖ್ಯೋಪಾಧ್ಯಾಯರು, ಇವರೂ ನಮ್ಮಂತೆಯೇ ಅಸ್ಪೃಶ್ಯರು, ಆದರೂ ಎಷ್ಟು ಎತ್ತರಕ್ಕೆ ಏರಿದ್ದಾರೆ ನೋಡಿ ಎಂಬರ್ಥದಲ್ಲಿ ಪರಿಚಯಿಸಿದರು. ಮೇಸ್‌ಗೆ ಮೊದಲು ಸಿಟ್ಟು ಬಂತು. ಯೋಚಿಸಿದ ಮೇಲೆ, ಅಮೆರಿಕದಲ್ಲಿ ತಮ್ಮ ಸ್ಥಿತಿಯೂ ಅದೇ ಎಂದು ಒಪ್ಪಿಕೊಂಡರು.

1940ರಲ್ಲಿ ಅಧ್ಯಕ್ಷರಾಗಿ ಮೋರ್‌ಹೌಸ್ ಕೈಗೆ ಬಂದಾಗ ಕಾಲೇಜಿನ ಹಣಕಾಸಿನ ಹಿಡಿತ ಅಟ್ಲಾಂಟಾ ವಿಶ್ವವಿದ್ಯಾಲಯದಲ್ಲಿತ್ತು. ಅದನ್ನು ಹಿಂದಕ್ಕೆ ಪಡೆದರು. ಶುಲ್ಕ ಬಾಕಿಯನ್ನು ಎಷ್ಟು ಕಟ್ಟುನಿಟ್ಟಾಗಿ ವಸೂಲು ಮಾಡಿದರೆಂದರೆ ಹುಡುಗರು ಅವರಿಗೆ 'ಬಕ್ ಬೆನ್ನಿ' (ಬಕ್ ಅಂದರೆ ಆಡುಮಾತಿನಲ್ಲಿ ಡಾಲರ್) ಎಂದೇ ಹೆಸರಿಟ್ಟರು. ಅಷ್ಟರಲ್ಲಿ ಎರಡನೇ ಮಹಾಯುದ್ಧಕ್ಕೆ ಅಮೆರಿಕವೂ ಇಳಿಯಿತು. ಅದು ಗಂಡು ಹುಡುಗರ ಕಾಲೇಜು. ಸೇನೆಗೆ ಹುಡುಗರು ಹೋಗಿ ತರಗತಿ ಖಾಲಿಯಾದವು. ಹೈಸ್ಕೂಲು ಮುಗಿಸುವ ಮೊದಲೇ ಜಾಣ ಹುಡುಗರನ್ನು ಸೇರಿಸಿಕೊಳ್ಳುವ ದಾರಿ ಹಿಡಿದರು. ಕಿಂಗ್ 1944ರಲ್ಲಿ, 15ನೇ ವಯಸ್ಸಿಗೇ ಕಾಲೇಜು ಸೇರಿದ್ದು ಹೀಗೆ. ಅಂದರೆ ಸೀಟು ತುಂಬಲು ಹುಡುಕಿದ ಉಪಾಯವೇ ಈ ಗುರು-ಶಿಷ್ಯರನ್ನು ಕೂಡಿಸಿತು! ಮಂಗಳವಾರ ಬೆಳಗ್ಗೆ ಪ್ರಾರ್ಥನಾ ಮಂದಿರದಲ್ಲಿ ಮೇಸ್ ಮಾಡುತ್ತಿದ್ದ ಭಾಷಣಗಳನ್ನು ಕಿಂಗ್ ಕೇಳತೊಡಗಿದ್ದು ಆಗಲೇ. 1967ರಲ್ಲಿ ಮೇಸ್ ನಿವೃತ್ತರಾಗುವ ಹೊತ್ತಿಗೆ ಅಧ್ಯಾಪಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಡಾಕ್ಟರೇಟ್ ಇತ್ತು.

ಚುನಾವಣೆಗೆ ನಿಂತದ್ದು ಆಮೇಲೆ, 1969ರಲ್ಲಿ, ಅಟ್ಲಾಂಟಾ ಶಾಲಾ ಮಂಡಳಿಗೆ. 1970ರಿಂದ 1981ರವರೆಗೆ ಅದರ ಅಧ್ಯಕ್ಷರು. ಆ ಸ್ಥಾನಕ್ಕೆ ಬಂದ ಮೊದಲ ಕಪ್ಪು ವ್ಯಕ್ತಿ. ಅಲ್ಲಿ ಅವರು ಟೀಕೆ ಎದುರಿಸಿದ್ದು 1973ರ ಒಪ್ಪಂದಕ್ಕೆ. ಬಿಳಿಯ ಮತ್ತು ಕಪ್ಪು ಮಕ್ಕಳನ್ನು ಬಸ್ಸಿನಲ್ಲಿ ಸಾಗಿಸಿ ಒಂದೇ ಶಾಲೆಯಲ್ಲಿ ಬೆರೆಸುವುದನ್ನು ಕಡಿಮೆ ಮಾಡಿ, ಬದಲಿಗೆ ಶಾಲಾ ಆಡಳಿತದ ಹುದ್ದೆಗಳನ್ನು ಕಪ್ಪು ಜನರಿಗೆ ಕೊಡಬೇಕೆಂಬ ರಾಜಿ ಅದು. ಕಪ್ಪು ಜನರ ಹಕ್ಕುಗಳಿಗೆ ಹೋರಾಡುವ ಸಂಘಟನೆ ಎನ್‌ಎಎಸಿಪಿಯ ರಾಷ್ಟ್ರೀಯ ನಾಯಕತ್ವ ಇದನ್ನು ಖಂಡಿಸಿತು. ಆದರೆ ಆ ಹೊತ್ತಿಗೆ ಬಿಳಿಯ ಕುಟುಂಬಗಳು ಉಪನಗರಗಳಿಗೆ ಹೋಗಿಬಿಟ್ಟಿದ್ದವು, ಬೆರೆಸಲು ಮಕ್ಕಳೇ ಸಾಲುತ್ತಿರಲಿಲ್ಲ. ಅದನ್ನು ನೋಡಿದರೆ ಮೇಸ್ ಲೆಕ್ಕಾಚಾರ ತಪ್ಪೆಂದು ನನಗೆ ಅನ್ನಿಸುವುದಿಲ್ಲ.