ಎಫ್‌ಎಸ್‌ಟಿ ಸೊನ್ನೆಯ ಹತ್ತಿರ ಬಂದರೆ ಟ್ಯೂನಾ ಒಂದೇ ಸ್ಟಾಕ್ ಎನ್ನಬಹುದೇ?

ಪ್ರಶ್ನೆ: ಎರಡು ಮೀನುಗಾರಿಕಾ ವಲಯಗಳಿಂದ ತಲಾ 40 ಯೆಲ್ಲೋಫಿನ್ ಟ್ಯೂನಾ ತಂದು ಮೈಟೋಕಾಂಡ್ರಿಯದ ಡಿಎನ್‌ಎಯಲ್ಲಿ ಬೇಗ ಬದಲಾಗುವ ಭಾಗವಾದ ಡಿ-ಲೂಪ್ ಓದಿಸಿದೆವು. ಹ್ಯಾಪ್ಲೊಟೈಪ್ (ಆ ಭಾಗದ ಅನುಕ್ರಮದ ಒಂದೊಂದು ರೂಪ) ವೈವಿಧ್ಯ 0.99, ಎಫ್‌ಎಸ್‌ಟಿ (ಗುಂಪುಗಳ ನಡುವಿನ ವಂಶವಾಹಿ ವ್ಯತ್ಯಾಸದ ಅಳತೆ; ಸೊನ್ನೆ ಎಂದರೆ ವ್ಯತ್ಯಾಸವಿಲ್ಲ) 0.002, ಪಿ ಮೌಲ್ಯ 0.21, ಅಂದರೆ ವ್ಯತ್ಯಾಸ ಸಾಬೀತಾಗಲಿಲ್ಲ. ಒಂದೇ ಸ್ಟಾಕ್ (ಒಂದಾಗಿ ನಿರ್ವಹಿಸಬಹುದಾದ ಮೀನಿನ ಗುಂಪು) ಎಂದು ವರದಿ ಬರೆಯಬಹುದೇ?

ಉತ್ತರ: ಬೇಡ. ‘ವ್ಯತ್ಯಾಸ ಕಾಣಲಿಲ್ಲ’ ಎಂದಷ್ಟೇ ಬರೆಯಿರಿ. ಎರಡು ಮಾತಿಗೂ ಬಹಳ ಅಂತರವಿದೆ.

ಲೆಕ್ಕ ಹಾಕಿ ನೋಡಿ. ಕೋಶಕೇಂದ್ರದ ಡಿಎನ್‌ಎಗೆ ಎಫ್‌ಎಸ್‌ಟಿ ಸುಮಾರು 1/(4ಎನ್‌ಎಂ+1). ಎನ್‌ಎಂ ಎಂದರೆ ಪ್ರತಿ ತಲೆಮಾರಿಗೆ ವಲಸೆ ಬಂದು ಮರಿ ಮಾಡುವ ಮೀನುಗಳ ಸಂಖ್ಯೆ. ಲಕ್ಷ ಮೀನಿನ ಗುಂಪಿಗೆ ಬರೀ 100 ಮೀನು ಬಂದು ಸೇರಿದರೂ ಎಫ್‌ಎಸ್‌ಟಿ 0.0025ಕ್ಕೆ ಇಳಿಯುತ್ತದೆ. ಆದರೆ ಒಂದು ಕಡೆ ಹಿಡಿದು ಬರಿದು ಮಾಡಿದರೆ, ಆ ನೂರು ಮೀನು ಅದನ್ನು ತುಂಬಿಕೊಡಲಾರವು. ವಂಶವಾಹಿಯ ಮಟ್ಟಿಗೆ ಒಂದೇ ಆದದ್ದು ಮೀನುಗಾರಿಕೆಯ ಮಟ್ಟಿಗೆ ಎರಡಾಗಿರಬಹುದು. ಈ ವರದಿ ನೋಡಿ ಹಿಡಿಯುವ ಮಿತಿ ನಿಗದಿಯಾಗುವುದಾದರೆ ತಪ್ಪಿನ ಬೆಲೆ ದೊಡ್ಡದು.

0.99 ಎಂಬ ಅಂಕಿಯೇ ಇನ್ನೊಂದು ತೊಡಕು. ಹೆಚ್ಚುಕಡಿಮೆ ಪ್ರತಿ ಮೀನಿಗೂ ತನ್ನದೇ ಹ್ಯಾಪ್ಲೊಟೈಪ್ ಇದ್ದಾಗ, ಗುಂಪುಗಳು ಪೂರ್ತಿ ಬೇರೆಯಾಗಿದ್ದರೂ ಆವರ್ತನ ಆಧಾರಿತ ಎಫ್‌ಎಸ್‌ಟಿ ಸುಮಾರು 0.01 ದಾಟುವುದಿಲ್ಲ. ಅನುಕ್ರಮಗಳ ನಡುವಿನ ಅಂತರವನ್ನೂ ಎಣಿಸುವ ಫೈ-ಎಸ್‌ಟಿ ತೆಗೆಯಿರಿ. ಡಿ-ಲೂಪ್ ತಾಯಿಯ ಕಡೆಯ ಕಥೆಯನ್ನಷ್ಟೇ ಹೇಳುತ್ತದೆ. ಕೋಶಕೇಂದ್ರದ ಡಿಎನ್‌ಎಯಲ್ಲಿ ಸಾವಿರಾರು ಎಸ್‌ಎನ್‌ಪಿಗಳನ್ನೂ (ಒಂದೊಂದೇ ಅಕ್ಷರ ಬದಲಾಗುವ ಜಾಗಗಳನ್ನೂ) ಓದಿಸಿ.

ಎಲ್ಲಕ್ಕಿಂತ ಮುಖ್ಯ, ಮೀನು ಎಲ್ಲಿಂದ ಬಂತು ಎಂಬುದು. ಮೇಯುವ ಜಾಗದಲ್ಲಿ ಹಿಡಿದ ದೊಡ್ಡ ಮೀನುಗಳು ಬೆರಕೆ. ಅಟ್ಲಾಂಟಿಕ್ ಬ್ಲೂಫಿನ್ ಟ್ಯೂನಾ ನೋಡಿ: ಮೆಕ್ಸಿಕೋ ಕೊಲ್ಲಿಯಲ್ಲಿ ಮೊಟ್ಟೆ ಇಡುವವೂ ಮೆಡಿಟರೇನಿಯನ್‌ನಲ್ಲಿ ಇಡುವವೂ ಸಾಗರದ ನಡುವೆ ಒಟ್ಟಿಗೆ ಮೇಯುತ್ತವೆ. ನಿರ್ವಹಣೆಗೆಂದು 45 ಡಿಗ್ರಿ ಪಶ್ಚಿಮ ರೇಖಾಂಶದಲ್ಲಿ ಎಳೆದ ಗೆರೆಯನ್ನು ಮೀನು ದಾಟುತ್ತಲೇ ಇರುತ್ತದೆ. ಹಾಗಾಗಿ ಮೊಟ್ಟೆ ಇಡುವ ತಾಣದಲ್ಲೇ ಲಾರ್ವಾ ಅಥವಾ ವರ್ಷ ತುಂಬದ ಮರಿಗಳನ್ನು ಸಂಗ್ರಹಿಸಿ, ಒಂದಕ್ಕಿಂತ ಹೆಚ್ಚು ವರ್ಷ. ಒಂದೇ ಬಲೆಯ ಲಾರ್ವಾಗಳಲ್ಲಿ ಒಡಹುಟ್ಟಿದವು ಇರಬಹುದು; ಬಂಧುತ್ವ ಪರೀಕ್ಷಿಸಿಯೇ ಮುಂದುವರಿಯಿರಿ.

ಮರಿ ಯೆಲ್ಲೋಫಿನ್ ಮತ್ತು ಇನ್ನೊಂದು ಟ್ಯೂನಾ ಜಾತಿಯಾದ ಬಿಗ್‌ಐ ಮರಿ ಕಣ್ಣಿಗೆ ಒಂದೇ ಥರ. ನಾಲ್ಕು ಬಿಗ್‌ಐ ಒಂದು ಕಡೆಗೆ ಸೇರಿಕೊಂಡರೂ ಇಲ್ಲದ ವ್ಯತ್ಯಾಸ ಎದ್ದು ಕಾಣುತ್ತದೆ. ಜಾತಿಯನ್ನು ಡಿಎನ್‌ಎಯಿಂದಲೇ ಖಚಿತಪಡಿಸಿಕೊಳ್ಳಿ.

ರೆಕ್ಕೆಯ ತುಣುಕನ್ನು ಅದರ ಐದು ಪಟ್ಟಿಗೂ ಹೆಚ್ಚು 95% ಎಥನಾಲ್‌ನಲ್ಲಿಟ್ಟು ಮರುದಿನ ದ್ರವ ಬದಲಿಸಿ; ಫಾರ್ಮಲಿನ್ ಮುಟ್ಟಿಸಬೇಡಿ. ಪ್ರಯೋಗಾಲಯದಲ್ಲಿ ಎರಡೂ ವಲಯದ ಮಾದರಿಗಳನ್ನು ಒಂದೇ ಪ್ಲೇಟಿನಲ್ಲಿ (ಮಾದರಿಗೊಂದು ಗುಳಿ ಇರುವ ತಟ್ಟೆಯಲ್ಲಿ) ಅಲ್ಲಲ್ಲಿ ಹಂಚಿ ಜೋಡಿಸಿ. ವಲಯಕ್ಕೊಂದು ಪ್ಲೇಟ್ ಮಾಡಿದರೆ, ಸಿಕ್ಕ ವ್ಯತ್ಯಾಸ ಸಮುದ್ರದ್ದೋ ಪ್ಲೇಟಿನದ್ದೋ ಹೇಳಲಾಗದು.